ಎಕ್ಸೆಲ್‌ನಲ್ಲಿ ಕೂತು ವರ್ಡ್‌ನ ಟೇಬಲ್ ನೇರ ಮಾಡುವುದು

(ಉಡುಪಿಯಲ್ಲಿ ಸಹಕಾರ ಸಂಘಗಳ ಕಚೇರಿಯವರು ಮತ್ತು ಡಿಟಿಪಿ ಕೆಲಸ ಮಾಡುವವರು ಸೇರಿದ್ದ ಒಂದು ತರಬೇತಿಯಲ್ಲಿ ಆಡಿದ ಮಾತಿನ ಬರಹ ರೂಪ. ಪರದೆಯ ಮೇಲೆ ತೋರಿಸಿದ ಕೋಡನ್ನು ಇಲ್ಲಿ ಹಾಕಿಲ್ಲ. ಕಮಾಂಡುಗಳ ಹೆಸರನ್ನು ಬಾಯಲ್ಲಿ ಹೇಳುವ ಹಾಗೆಯೇ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತವರಲ್ಲಿ ಹೆಚ್ಚಿನವರಿಗೆ ಜುಲೈ ಬಂತೆಂದರೆ ತಲೆಯಲ್ಲಿ ಒಂದೇ ವಿಷಯ, ಮಹಾಸಭೆಯ ವರದಿ ಪುಸ್ತಕ. ಮಾರ್ಚ್ 31ಕ್ಕೆ ವರ್ಷ ಮುಗಿಯುತ್ತದೆ, ಆಡಿಟ್ ಆಗುತ್ತದೆ, ಸೆಪ್ಟೆಂಬರ್ ಒಳಗೆ ಮಹಾಸಭೆ ಆಗಬೇಕು. ಅದಕ್ಕೂ ಮೊದಲು ಪುಸ್ತಕ ಸದಸ್ಯರ ಕೈ ಸೇರಬೇಕು. ಲೆಕ್ಕ ಎಲ್ಲ ಎಕ್ಸೆಲ್‌ನಲ್ಲಿ ಉಂಟು. ಪುಸ್ತಕ ಆಗಬೇಕಾದ್ದು ವರ್ಡ್‌ನಲ್ಲಿ. ಇಲ್ಲಿಂದ ಅಲ್ಲಿಗೆ ಹೋಗುವ ದಾರಿ ಇವತ್ತಿನ ವಿಷಯ.

ಈ ಊರಿಗೆ ಲೆಕ್ಕ ಹೊಸತಲ್ಲ. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕ್, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್, 1925ರಲ್ಲಿ ಮತ್ತೆ ಉಡುಪಿಯಲ್ಲೇ ಸಿಂಡಿಕೇಟ್ ಬ್ಯಾಂಕ್ ಹುಟ್ಟಿದ ಜಾಗ ಇದು. ಜಮೆಯ ಕಾಲಂ, ಖರ್ಚಿನ ಕಾಲಂ ನೇರ ಇರಬೇಕೆಂದು ನಮ್ಮ ಅಜ್ಜಂದಿರಿಗೂ ಗೊತ್ತಿತ್ತು. ಅವರಿಗೆ ಗೆರೆ ಹೊಡೆದ ಲೆಡ್ಜರ್ ಸಿಗುತ್ತಿತ್ತು. ನಮಗೆ ವರ್ಡ್ ಬಂತು, ಗೆರೆಗಳು ಓಡಾಡಲು ಶುರು ಮಾಡಿದವು.

ಈಗ ಹೆಚ್ಚಿನ ಕಡೆ ನಡೆಯುವುದು ಹೀಗೆ. ಎಕ್ಸೆಲ್‌ನಲ್ಲಿ ಆಸ್ತಿ ಜವಾಬ್ದಾರಿ ಪಟ್ಟಿಯನ್ನು ಸೆಲೆಕ್ಟ್ ಮಾಡುವುದು, ಕಾಪಿ, ವರ್ಡ್‌ಗೆ ಬಂದು ಪೇಸ್ಟ್. ಬಲಗಡೆಯ ಕಾಲಂ ಪುಟದ ಆಚೆ ಹೋಗಿರುತ್ತದೆ. ಆಟೋಫಿಟ್ ಒತ್ತಿದರೆ ಎಲ್ಲ ಕಾಲಂ ಒಟ್ಟಿಗೆ ಸಣ್ಣದಾಗುತ್ತವೆ, ಕ್ರಮ ಸಂಖ್ಯೆಗೆ ಜಾಗ ಜಾಸ್ತಿ, ಮೊತ್ತಕ್ಕೆ ಕಮ್ಮಿ. ಆಮೇಲೆ ಮೌಸಿನಲ್ಲಿ ಗೆರೆ ಎಳೆಯುವುದು. ಒಂದು ಗೆರೆ ಎಳೆದರೆ ಪಕ್ಕದ್ದು ಸರಿಯುತ್ತದೆ. ಅಷ್ಟರಲ್ಲಿ ಆಡಿಟರ್ ಫೋನ್ ಮಾಡಿ, ಒಂದು ಸಂಖ್ಯೆ ತಿದ್ದಲಿಕ್ಕೆ ಉಂಟು ಅನ್ನುತ್ತಾರೆ. ಮತ್ತೆ ಮೊದಲಿನಿಂದ. ನಗಬೇಡಿ ಮಾರಾಯ್ರೆ, ಎಲ್ಲರ ಕಥೆಯೂ ಇದೇ.

ನಾನು ಹೇಳಬೇಕೆಂದಿರುವುದು ಇಷ್ಟು. ಕಾಲಂ ಎಷ್ಟು ಅಗಲ ಇರಬೇಕು ಎಂಬುದು ಒಂದು ಸಂಖ್ಯೆ. ಅದನ್ನು ಕಣ್ಣಳತೆಯಲ್ಲಿ ವರ್ಡ್‌ನಲ್ಲಿ ಎಳೆಯುವ ಬದಲು, ಎಕ್ಸೆಲ್‌ನ ಒಂದು ಶೀಟಿನಲ್ಲಿ ಬರೆದಿಡಿ. ಮ್ಯಾಕ್ರೋ, ಅಂದರೆ ಕೆಲಸವನ್ನು ತಾನಾಗಿ ಮಾಡಿಕೊಡುವ ಸಣ್ಣ ಪ್ರೋಗ್ರಾಂ, ಆ ಸಂಖ್ಯೆಯನ್ನು ಓದಿ ವರ್ಡ್‌ಗೆ ಹೇಳಲಿ. ಪ್ರತಿ ವರ್ಷವೂ, ಪ್ರತಿ ತಿದ್ದುಪಡಿಯ ನಂತರವೂ ಅದೇ ಅಳತೆ ಬರುತ್ತದೆ. ಆ ಶೀಟಿಗೆ ನಾನು 'ಅಳತೆ' ಎಂದೇ ಹೆಸರಿಡುತ್ತೇನೆ.

ಮೊದಲು ಅಳತೆಯ ಲೆಕ್ಕ ಸ್ವಲ್ಪ ನೋಡೋಣ, ಯಾಕೆಂದರೆ ಗೊಂದಲ ಶುರುವಾಗುವುದೇ ಇಲ್ಲಿ. ಎಕ್ಸೆಲ್‌ನಲ್ಲಿ ಕಾಲಂ ಅಗಲ 8.43 ಎಂದು ತೋರಿಸುತ್ತದಲ್ಲ, ಅದು ಸೆಂಟಿಮೀಟರೂ ಅಲ್ಲ, ಇಂಚೂ ಅಲ್ಲ. ಆ ಫೈಲಿನ ಮೂಲ ಫಾಂಟಿನಲ್ಲಿ ಎಷ್ಟು ಸೊನ್ನೆ ಹಿಡಿಸುತ್ತದೆ ಎಂಬ ಲೆಕ್ಕ. ಕ್ಯಾಲಿಬ್ರಿ 11 ಇರುವ ಫೈಲಿನಲ್ಲಿ 8.43 ಎಂದರೆ 64 ಪಿಕ್ಸೆಲ್, ಅಂದರೆ 48 ಪಾಯಿಂಟ್. ವರ್ಡ್ ಒಳಗಡೆ ಎಲ್ಲವನ್ನೂ ಪಾಯಿಂಟಿನಲ್ಲೇ ಅಳೆಯುತ್ತದೆ. ಒಂದು ಇಂಚಿಗೆ 72 ಪಾಯಿಂಟ್, ಒಂದು ಸೆಂಟಿಮೀಟರಿಗೆ ಸುಮಾರು 28.35. ಹಾಗಾಗಿ ಎಕ್ಸೆಲ್‌ನ 'ಕಾಲಂ ವಿಡ್ತ್' ಸಂಖ್ಯೆಯನ್ನು ವರ್ಡ್‌ಗೆ ಕೊಟ್ಟರೆ ಎಂಟು ಪಾಯಿಂಟಿನ ಕಾಲಂ ಬರುತ್ತದೆ, ಒಂದಕ್ಷರವೂ ನೆಟ್ಟಗೆ ಕೂರುವುದಿಲ್ಲ. ಎಕ್ಸೆಲ್‌ನಲ್ಲೇ ಬರೀ 'ವಿಡ್ತ್' ಎಂಬ ಇನ್ನೊಂದು ಗುಣ, ಅಂದರೆ ಪ್ರಾಪರ್ಟಿ, ಉಂಟು. ಅದು ಪಾಯಿಂಟಿನಲ್ಲೇ ಹೇಳುತ್ತದೆ. ಎಕ್ಸೆಲ್‌ನಲ್ಲಿ ಇದ್ದ ಅಗಲವೇ ವರ್ಡ್‌ನಲ್ಲೂ ಬೇಕೆಂದರೆ ಅದನ್ನು ಓದಿ. ಆದರೆ ನನ್ನ ಅನುಭವದಲ್ಲಿ ಅದು ಬೇಡ. ಎಕ್ಸೆಲ್‌ನ ಅಗಲ ಪರದೆಗಾಗಿ ಇಟ್ಟದ್ದು. ಪುಸ್ತಕದ ಅಗಲ ಬೇರೆ. ನಮಗೆ ಸ್ಕೇಲಿನಲ್ಲಿ ಅಳೆದು ಅಭ್ಯಾಸ, ಹಾಗಾಗಿ ಅಳತೆ ಶೀಟಿನಲ್ಲಿ ಸೆಂಟಿಮೀಟರೇ ಬರೆಯಿರಿ. ಸೆಂಟಿಮೀಟರನ್ನು ಪಾಯಿಂಟ್ ಮಾಡಿಕೊಡುವ ಫಂಕ್ಷನ್ ಎಕ್ಸೆಲ್‌ನಲ್ಲೂ ವರ್ಡ್‌ನಲ್ಲೂ ಇದ್ದೇ ಇದೆ.

ಈಗ ಒಂದು ಟೇಬಲ್ ಹತ್ತಿರದಿಂದ ನೋಡೋಣ. ಪುಸ್ತಕ ಎ5 ಅಂದುಕೊಳ್ಳಿ. ಅಗಲ 14.8 ಸೆಂಟಿಮೀಟರ್. ಎರಡೂ ಕಡೆ 1.5 ಮಾರ್ಜಿನ್ ಬಿಟ್ಟರೆ ಉಳಿಯುವುದು 11.8. ನಾಲ್ಕು ಕಾಲಂ ಬೇಕು: ಕ್ರಮ ಸಂಖ್ಯೆ, ವಿವರ, ಕಳೆದ ವರ್ಷ, ಈ ವರ್ಷ. ಕ್ರಮ ಸಂಖ್ಯೆಗೆ 1.0, ವಿವರಕ್ಕೆ 5.2, ಎರಡು ವರ್ಷಕ್ಕೆ 2.8ರಂತೆ. ಕೂಡಿಸಿದರೆ ಸರಿಯಾಗಿ 11.8.

ಈ 2.8 ಸಾಕಾ? ಠೇವಣಿ 12,34,56,789.00 ಎಂದಿದೆ ಅಂತ ಇಟ್ಟುಕೊಳ್ಳಿ. ಹನ್ನೊಂದು ಅಂಕಿ, ಮೂರು ಕಾಮಾ, ಒಂದು ಚುಕ್ಕಿ. ಕ್ಯಾಲಿಬ್ರಿ 10ರಲ್ಲಿ ಇದು ಸುಮಾರು 66 ಪಾಯಿಂಟ್ ಜಾಗ ತಿನ್ನುತ್ತದೆ. 2.8 ಸೆಂಟಿಮೀಟರ್ ಅಂದರೆ 79 ಪಾಯಿಂಟ್ ಚಿಲ್ಲರೆ. ಧಾರಾಳ ಆಯಿತಲ್ಲ ಅನ್ನಿಸುತ್ತದೆ. ಆದರೆ ಸೆಲ್ಲಿನ ಎಡ ಬಲ ವರ್ಡ್ ತಾನಾಗಿಯೇ 0.19 ಸೆಂಟಿಮೀಟರ್ ಖಾಲಿ ಬಿಡುತ್ತದೆ, ಅಂದರೆ ಒಂದೊಂದು ಕಡೆ 5.4 ಪಾಯಿಂಟ್. ಅದನ್ನು ಕಳೆದರೆ ಉಳಿಯುವುದು 68 ಚಿಲ್ಲರೆ. ಹಿಡಿಸಿತು, ಆದರೆ ಕಷ್ಟಪಟ್ಟು. ಅಧ್ಯಕ್ಷರು ಬಂದು, ಅಕ್ಷರ ಸಣ್ಣ ಆಯಿತು, ಹಿರಿಯ ಸದಸ್ಯರಿಗೆ ಕಾಣುವುದಿಲ್ಲ, 11 ಮಾಡಿ ಅಂದರು. ಈಗ ಸಂಖ್ಯೆಗೆ 72 ಪಾಯಿಂಟ್ ಬೇಕು. ಕೊನೆಯ ಸೊನ್ನೆ ಕೆಳಗಿನ ಸಾಲಿಗೆ ಬೀಳುತ್ತದೆ. ಕೋಟಿಯ ಸಂಖ್ಯೆ ಎರಡು ಸಾಲಿನಲ್ಲಿ ಬಂದರೆ ಸಭೆಯಲ್ಲಿ ಮೊದಲ ಪ್ರಶ್ನೆಯೇ ಅದರ ಮೇಲೆ. ಪರಿಹಾರ ಸುಲಭ. 'ಲೆಫ್ಟ್ ಪ್ಯಾಡಿಂಗ್', 'ರೈಟ್ ಪ್ಯಾಡಿಂಗ್' ಎರಡನ್ನೂ 0.1 ಸೆಂಟಿಮೀಟರ್ ಮಾಡಿದರೆ 73 ಪಾಯಿಂಟಿನ ಮೇಲೆ ಸಿಗುತ್ತದೆ. ಕಾಲಂ ಅಗಲ ಮುಟ್ಟಲೇ ಬೇಕಾಗಿಲ್ಲ. ಮೌಸಿನಲ್ಲಿ ಎಳೆಯುವವರಿಗೆ ಈ ಪ್ಯಾಡಿಂಗ್ ಇದೆ ಎಂದೇ ಗೊತ್ತಾಗುವುದಿಲ್ಲ. ಹಾಗಾಗಿ ಅಳತೆ ಶೀಟಿನಲ್ಲಿ ಅದಕ್ಕೂ ಒಂದು ಕಾಲಂ ಇಡಿ.

ಶೀಟಿನಲ್ಲಿ ಇನ್ನೆಂತ ಇರಬೇಕು? ಒಂದು ಟೇಬಲ್‌ಗೆ ಒಂದು ಸಾಲು. ಟೇಬಲಿನ ಹೆಸರು, ಎಕ್ಸೆಲ್‌ನಲ್ಲಿ ಅದರ ಲೆಕ್ಕ ಇರುವ ರೇಂಜಿನ (ಸೆಲ್ಲುಗಳ ಗುಂಪಿನ) ಹೆಸರು, ಕಾಲಂ ಅಗಲಗಳು, ಅಕ್ಷರದ ಗಾತ್ರ, ತಲೆಸಾಲು ಎಷ್ಟು, ಕೊನೆಯ ಸಾಲು ಮೊತ್ತವಾ ಅಲ್ವಾ. ರೇಂಜಿಗೆ ನೇಮ್ ಮ್ಯಾನೇಜರ್‌ನಲ್ಲಿ ಹೆಸರು ಕೊಟ್ಟಿರಿ. ಎ4ರಿಂದ ಡಿ38ರವರೆಗೆ ಎಂದು ಕೋಡಿನಲ್ಲಿ ಬರೆದರೆ, ಮುಂದಿನ ವರ್ಷ ಮೇಲೆ ಯಾರೋ ಎರಡು ಸಾಲು ಸೇರಿಸಿದ ಕೂಡಲೇ ಮೊತ್ತ ಹೊರಗೆ ಉಳಿಯುತ್ತದೆ.

ವರ್ಡ್ ಕಡೆಯಲ್ಲೂ ಟೇಬಲನ್ನು ಹೆಸರಿನಿಂದಲೇ ಹಿಡಿಯಬೇಕು. 'ಮೂರನೇ ಟೇಬಲ್' ಎಂದು ಮ್ಯಾಕ್ರೋಗೆ ಹೇಳಿದ್ದರೆ, ಮೊದಲ ಪುಟದಲ್ಲಿ ಯಾರಾದರೂ ನಿರ್ದೇಶಕರ ಫೋಟೋ ಕೂರಿಸಲು ಒಂದು ಟೇಬಲ್ ಹಾಕಿದ ದಿನ ಅದು ನಾಲ್ಕನೆಯದಾಗುತ್ತದೆ. ವರ್ಡ್ 2010ರಿಂದ ಟೇಬಲ್‌ಗೆ 'ಟೈಟಲ್' ಎಂಬ ಗುಣ ಉಂಟು. ಟೇಬಲ್ ಪ್ರಾಪರ್ಟೀಸ್ ತೆರೆದರೆ ಆಲ್ಟ್ ಟೆಕ್ಸ್ಟ್ ಟ್ಯಾಬಿನಲ್ಲಿ ಸಿಗುತ್ತದೆ. ಪುಸ್ತಕದಲ್ಲಿ ಅಚ್ಚಾಗುವುದಿಲ್ಲ, ಮ್ಯಾಕ್ರೋಗೆ ಮಾತ್ರ ಕಾಣುತ್ತದೆ. ಅಲ್ಲಿ ಹೆಸರು ಬರೆದಿಡಿ. ಬುಕ್‌ಮಾರ್ಕ್ ಕೂಡ ಆಗುತ್ತದೆ, ಆದರೆ ಹಳೆ ಟೇಬಲ್ ಅಳಿಸುವಾಗ ಬುಕ್‌ಮಾರ್ಕೂ ಜೊತೆಗೇ ಹೋಗುತ್ತದೆ, ಮತ್ತೆ ಹಾಕಬೇಕು.

ಇನ್ನು ಮ್ಯಾಕ್ರೋ. ಅದನ್ನು ಬರೆಯುವ ಭಾಷೆ ವಿಬಿಎ. ಅದು ಎಕ್ಸೆಲ್‌ಗೆ ಬಂದದ್ದು 1993ರಲ್ಲಿ, ವರ್ಡ್‌ಗೆ ಬಂದದ್ದು ವರ್ಡ್ 97ರಲ್ಲಿ. ಹಳೆಯ ಸಾಮಾನು, ಆದರೆ ಗಟ್ಟಿ. ಎಕ್ಸೆಲ್‌ನ ಮ್ಯಾಕ್ರೋ ವರ್ಡನ್ನು ಓಡಿಸಲು ಎರಡು ದಾರಿ ಉಂಟು. ಒಂದು, ಮ್ಯಾಕ್ರೋ ಬರೆಯುವ ಎಡಿಟರಿನ ಟೂಲ್ಸ್, ರೆಫರೆನ್ಸಸ್‌ನಲ್ಲಿ ವರ್ಡ್ ಆಬ್ಜೆಕ್ಟ್ ಲೈಬ್ರರಿಗೆ ಟಿಕ್ ಹಾಕುವುದು. ಚುಕ್ಕಿ ಒತ್ತಿದರೆ ಪಟ್ಟಿ ಬರುತ್ತದೆ, ಬರೆಯಲು ಹಿತ. ಆದರೆ ಹೊಸ ಆಫೀಸಿನಲ್ಲಿ ಟಿಕ್ ಹಾಕಿ, ಬ್ರಾಂಚಿನಲ್ಲಿರುವ ಹಳೆಯ ಆಫೀಸಿನಲ್ಲಿ ತೆರೆದರೆ 'ಮಿಸ್ಸಿಂಗ್' ಎಂದು ತೋರಿಸಿ ಕೂತುಬಿಡುತ್ತದೆ. ಎರಡನೆಯದು, ಟಿಕ್ ಇಲ್ಲದೆ 'ಕ್ರಿಯೇಟ್ ಆಬ್ಜೆಕ್ಟ್' ಎಂದು ವರ್ಡನ್ನು ಕರೆಯುವುದು. ಯಾವ ಆವೃತ್ತಿ ಇದ್ದರೂ ನಡೆಯುತ್ತದೆ. ಬರೆಯುವಾಗ ಮೊದಲನೆಯದು, ಹಂಚುವಾಗ ಎರಡನೆಯದು. ನಾನು ಹಾಗೆಯೇ ಮಾಡುವುದು.

ಎರಡನೆಯ ದಾರಿಯಲ್ಲಿ ಒಂದು ಹೊಂಡ ಉಂಟು, ಗಮನ ಇಡಿ. ಟಿಕ್ ತೆಗೆದ ಮೇಲೆ ವರ್ಡ್‌ನ ಹೆಸರುಗಳು ಎಕ್ಸೆಲ್‌ಗೆ ಗೊತ್ತಿರುವುದಿಲ್ಲ. 'ಡಬ್ಲ್ಯುಡಿ ಆಟೋಫಿಟ್ ವಿಂಡೋ' ಎಂಬ ಹೆಸರಿನ ಹಿಂದೆ ಇರುವ ಸಂಖ್ಯೆ 2. ಪುಟದ ಅಗಲಕ್ಕೆ ಟೇಬಲ್ ಹಿಗ್ಗಿಸು ಅಂತ ಅರ್ಥ. ಹೆಸರು ಗೊತ್ತಿಲ್ಲದ ಎಕ್ಸೆಲ್ ಅದನ್ನು ಖಾಲಿ ವೇರಿಯೇಬಲ್ ಎಂದುಕೊಂಡು ಸೊನ್ನೆ ಕಳಿಸುತ್ತದೆ. ಸೊನ್ನೆಗೂ ವರ್ಡ್‌ನಲ್ಲಿ ಅರ್ಥ ಉಂಟು: ಅಗಲ ಇದ್ದಂತೆಯೇ ಇರಲಿ! ಹಾಗಾಗಿ ಎರರ್ ಬರುವುದಿಲ್ಲ, ಕೆಲಸವೂ ಆಗುವುದಿಲ್ಲ. ಇಡೀ ದಿನ ಹುಡುಕಿದರೂ ಸಿಗುವ ತಪ್ಪಲ್ಲ ಇದು. ಮಾಡ್ಯೂಲಿನ ತಲೆಯಲ್ಲಿ 'ಆಪ್ಷನ್ ಎಕ್ಸ್‌ಪ್ಲಿಸಿಟ್' ಬರೆದಿದ್ದರೆ ಎಕ್ಸೆಲ್ ಆ ಹೆಸರಿನ ಬಳಿಯೇ ನಿಂತು, ಇದು ಯಾರು ಎಂದು ಕೇಳುತ್ತದೆ. ಆಗ ಬೇಕಾದ ಹೆಸರು ಮತ್ತು ಸಂಖ್ಯೆಗಳನ್ನು ಮೇಲೆ ನೀವೇ ಬರೆದುಕೊಳ್ಳಿ. ಬೇಕಾಗುವುದು ನಾಲ್ಕೈದು ಮಾತ್ರ.

ರೆಕಾರ್ಡರ್ ಇದೆಯಲ್ಲ ಎಂದು ಕೇಳುವವರಿಗೆ ಒಂದು ಮಾತು. ಎಕ್ಸೆಲ್‌ನ ರೆಕಾರ್ಡರ್ ನೀವು ವರ್ಡ್‌ನಲ್ಲಿ ಮಾಡಿದ್ದನ್ನು ಬರೆದುಕೊಳ್ಳುವುದಿಲ್ಲ. ವರ್ಡ್‌ನಲ್ಲೇ ರೆಕಾರ್ಡ್ ಮಾಡಿ ಕಮಾಂಡಿನ ಹೆಸರು ತಿಳಿದುಕೊಳ್ಳಬಹುದು. ಅಷ್ಟಕ್ಕೆ ಮಾತ್ರ ಬಳಸಿ.

ಈಗ ಕೆಲಸದ ಕ್ರಮ. ಇಲ್ಲಿ ಕ್ರಮ ತಪ್ಪಿದರೆ ಕಮಾಂಡ್ ಸರಿಯಿದ್ದೂ ಪ್ರಯೋಜನ ಇಲ್ಲ. ಲೆಕ್ಕವನ್ನು ವರ್ಡ್‌ಗೆ ಸೆಲ್ ಸೆಲ್ಲಾಗಿ ಕಳಿಸಬೇಡಿ. ಪ್ರತಿ ಸೆಲ್ಲಿಗೂ ಎಕ್ಸೆಲ್ ವರ್ಡಿನ ಬಾಗಿಲು ತಟ್ಟಬೇಕು. 800 ಸದಸ್ಯರ ಪಟ್ಟಿ, ಐದು ಕಾಲಂ ಎಂದರೆ 4,000 ಸಲ. ಚಹಾ ಕುಡಿದು ಬಂದರೂ ಓಡುತ್ತಲೇ ಇರುತ್ತದೆ. ಅದರ ಬದಲು ಎಲ್ಲವನ್ನೂ ಟ್ಯಾಬ್ ಹಾಕಿ ಒಂದೇ ಉದ್ದನೆಯ ಪಠ್ಯ ಮಾಡಿ, ಒಮ್ಮೆಗೇ ವರ್ಡ್‌ಗೆ ಹಾಕಿ, 'ಕನ್ವರ್ಟ್ ಟು ಟೇಬಲ್' ಅನ್ನಿ. ಕೂಡಲೇ ಟೇಬಲ್ ಆಗುತ್ತದೆ. ಎಕ್ಸೆಲ್ ಸೆಲ್ಲಿನಲ್ಲಿ ಆಲ್ಟ್ ಎಂಟರ್ ಒತ್ತಿ ಸಾಲು ಮುರಿದಿದ್ದರೆ ಮಾತ್ರ ಅದನ್ನು ಮೊದಲೇ ಕ್ಯಾರೆಕ್ಟರ್ 11ಕ್ಕೆ ಬದಲಿಸಿ, ಇಲ್ಲದಿದ್ದರೆ ವಿಳಾಸದ ಎರಡನೇ ಸಾಲು ಹೊಸ ಸದಸ್ಯನಾಗಿ ಪಟ್ಟಿಗೆ ಸೇರುತ್ತದೆ.

ಟೇಬಲ್ ಆದ ತಕ್ಷಣ ಮೊದಲ ಆಜ್ಞೆ, 'ಅಲೋ ಆಟೋಫಿಟ್' ಫಾಲ್ಸ್. ಇದನ್ನು ಬಿಟ್ಟು ಅಗಲ ಕೊಟ್ಟರೆ, ಮುರಿಯದ ಉದ್ದ ಸಂಖ್ಯೆಯೊಂದು ಬಂದಾಗ ವರ್ಡ್ ತನ್ನದೇ ನಿರ್ಧಾರ ಮಾಡಿ ಕಾಲಂ ಹಿಗ್ಗಿಸುತ್ತದೆ. ಗೆರೆ ಓಡಾಡುವುದಕ್ಕೆ ಮುಖ್ಯ ಕಾರಣವೇ ಇದು. ಆಮೇಲೆ ಪ್ಯಾಡಿಂಗ್, ಆಮೇಲೆ ಕಾಲಂ ಅಗಲ. ಅಗಲ ಕೊಡುವ ಮೊದಲು ಪುಟದ ಅಗಲದಿಂದ ಎರಡೂ ಮಾರ್ಜಿನ್ ಕಳೆದು, ಅಳತೆ ಶೀಟಿನ ಮೊತ್ತ ಅದಕ್ಕಿಂತ ಜಾಸ್ತಿ ಇದ್ದರೆ ನಿಲ್ಲಿಸು ಎಂದು ಒಂದು ಸಾಲು ಬರೆಯಿರಿ. ಪುಸ್ತಕ ಎ4 ಮಾಡುತ್ತೀರೋ ಎ5 ಮಾಡುತ್ತೀರೋ ಇನ್ನೂ ತೀರ್ಮಾನ ಆಗಿಲ್ಲದಿದ್ದರೆ ಸೆಂಟಿಮೀಟರ್ ಬಿಟ್ಟು ಶೇಕಡಾ ಲೆಕ್ಕದಲ್ಲಿ ಅಗಲ ಕೊಡಬಹುದು, ವರ್ಡ್ ಅದನ್ನೂ ಒಪ್ಪುತ್ತದೆ.

ನಂತರ ತಲೆಸಾಲು. 'ಹೆಡಿಂಗ್ ಫಾರ್ಮ್ಯಾಟ್' ಟ್ರೂ ಮಾಡಿದರೆ ಪ್ರತಿ ಪುಟದಲ್ಲೂ ತಲೆಸಾಲು ಬರುತ್ತದೆ. ಕೆಲವರು, ಹಾಕಿದ್ದೇವೆ, ಬರುವುದಿಲ್ಲ ಎನ್ನುತ್ತಾರೆ. ಟೇಬಲ್‌ಗೆ ಟೆಕ್ಸ್ಟ್ ರ್‍ಯಾಪಿಂಗ್ 'ಅರೌಂಡ್' ಎಂದಿದ್ದರೆ ಬರುವುದಿಲ್ಲ. ಟೇಬಲಿನ ನಡುವೆ ಕಂಟ್ರೋಲ್ ಎಂಟರ್ ಒತ್ತಿ ಪುಟ ಮುರಿದಿದ್ದರೂ ಬರುವುದಿಲ್ಲ. ಒಂದು ಸದಸ್ಯರ ವಿಳಾಸ ಅರ್ಧ ಈ ಪುಟದಲ್ಲಿ, ಅರ್ಧ ಆ ಪುಟದಲ್ಲಿ ಆಗದ ಹಾಗೆ 'ಅಲೋ ಬ್ರೇಕ್ ಅಕ್ರಾಸ್ ಪೇಜಸ್' ಫಾಲ್ಸ್. ಮೊತ್ತದ ಸಾಲು ಒಂಟಿಯಾಗಿ ಮುಂದಿನ ಪುಟಕ್ಕೆ ಹೋಗದ ಹಾಗೆ ಅದರ ಹಿಂದಿನ ಎರಡು ಸಾಲಿಗೆ 'ಕೀಪ್ ವಿತ್ ನೆಕ್ಸ್ಟ್'.

ಸೆಲ್ ಕೂಡಿಸುವುದು, ಅಂದರೆ ಮರ್ಜ್, ಎಲ್ಲಕ್ಕಿಂತ ಕೊನೆಗೆ. 'ಠೇವಣಿ' ಎಂದು ಮೇಲೆ ಒಂದೇ ಸೆಲ್, ಕೆಳಗೆ ಎರಡು ವರ್ಷ. ಹೀಗೆ ಅಡ್ಡಕ್ಕೆ ಮರ್ಜ್ ಮಾಡಿದ ಮೇಲೆ 'ಮೂರನೇ ಕಾಲಂ' ಅಂದರೆ ವರ್ಡ್ ಕೇಳುವುದಿಲ್ಲ, 5992 ಎಂಬ ಎರರ್ ಕೊಡುತ್ತದೆ. ಸೆಲ್ಲುಗಳ ಅಗಲ ಬೇರೆ ಬೇರೆ ಉಂಟು ಎಂಬುದು ಅದರ ತಕರಾರು. ಮೇಲಿಂದ ಕೆಳಗೆ ಮರ್ಜ್ ಮಾಡಿದರೆ 'ಮೊದಲ ಸಾಲು' ಎನ್ನಲೂ ಬಿಡುವುದಿಲ್ಲ, ಆಗ ಎರರ್ 5991. ಅಷ್ಟರೊಳಗೆ ಅಗಲ, ತಲೆಸಾಲು ಎಲ್ಲ ಕೊಟ್ಟು ಮುಗಿದಿದ್ದರೆ ಈ ಎರಡೂ ಎರರಿನ ಮುಖ ನೋಡಬೇಕಾಗಿಲ್ಲ. ಬೇರೆ ಯಾರೋ ಮಾಡಿಟ್ಟ ಮರ್ಜ್ ಆದ ಟೇಬಲ್ ಕೈಗೆ ಬಂದರೆ ಸಾಲು, ಕಾಲಂ ಬಿಟ್ಟು ಸೆಲ್ ಸೆಲ್ಲಾಗಿ ಹೋಗುವುದೇ ದಾರಿ.

ಸಂಖ್ಯೆಗಳ ಬಗ್ಗೆ ಒಂದು ವಿಷಯ. ಎಕ್ಸೆಲ್ ಸೆಲ್ಲಿನಿಂದ 'ವ್ಯಾಲ್ಯೂ' ತೆಗೆದುಕೊಂಡರೆ ಬರುವುದು ಬರೀ ಸಂಖ್ಯೆ, ನೀವು ಕಷ್ಟಪಟ್ಟು ಹಾಕಿದ ಲಕ್ಷ ಕೋಟಿಯ ಕಾಮಾ ಬರುವುದಿಲ್ಲ. 'ಟೆಕ್ಸ್ಟ್' ತೆಗೆದುಕೊಂಡರೆ ಪರದೆಯ ಮೇಲೆ ಕಾಣುವ ಹಾಗೆಯೇ, ಕಾಮಾ ಸಮೇತ ಬರುತ್ತದೆ. ಸರಿ, ಟೆಕ್ಸ್ಟ್ ತೆಗೆದುಕೊಳ್ಳೋಣ. ಆದರೆ ಎಕ್ಸೆಲ್‌ನಲ್ಲಿ ಕಾಲಂ ಕಿರಿದಾಗಿ ಅಲ್ಲಿ ಹ್ಯಾಶ್ ಗುರುತುಗಳ ಸಾಲು ಕಾಣುತ್ತಿದ್ದರೆ? 'ಕಾಣುವ ಹಾಗೆಯೇ' ಅಂದರೆ ಹಾಗೆಯೇ. ವರದಿ ಪುಸ್ತಕದಲ್ಲಿ ಠೇವಣಿಯ ಎದುರು ಹ್ಯಾಶ್ ಅಚ್ಚಾಗುತ್ತದೆ. ಟೆಕ್ಸ್ಟ್ ಓದುವ ಮೊದಲು ಎಕ್ಸೆಲ್‌ನ ಆ ಕಾಲಂಗಳಿಗೆ ಆಟೋಫಿಟ್ ಕೊಡಿ. ಪೈಸೆ ಎಲ್ಲ ಕಡೆಯೂ ಎರಡು ಅಂಕಿ ಇದ್ದರೆ ಬಲಕ್ಕೆ ಜೋಡಿಸಿದರೆ ಸಾಕು. ಕೆಲವು ಕಡೆ ಇದೆ, ಕೆಲವು ಕಡೆ ಇಲ್ಲ ಅಂತಾದರೆ ಡೆಸಿಮಲ್ ಟ್ಯಾಬ್ ಹಾಕಿ. ಎಡಕ್ಕೆ ಜೋಡಿಸಿದ ಟೇಬಲ್ ಸೆಲ್ಲಿನಲ್ಲಿ ಟ್ಯಾಬ್ ಕೀ ಒತ್ತದೆಯೇ ಸಂಖ್ಯೆ ಚುಕ್ಕಿಯ ಲೆಕ್ಕದಲ್ಲಿ ನಿಲ್ಲುತ್ತದೆ.

ಇಷ್ಟು ಯಾವ ಭಾಷೆಗೂ ಆಗುತ್ತದೆ. ಕನ್ನಡಕ್ಕೆ ಬಂದರೆ ಬೇರೆಯೇ ತೊಂದರೆಗಳು ಉಂಟು, ಮತ್ತು ಅವುಗಳ ಬಗ್ಗೆ ಇಂಗ್ಲಿಷ್ ಪುಸ್ತಕದಲ್ಲಿ ಸಿಗುವುದು ಕಮ್ಮಿ. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನ ಹೋಗುತ್ತೇನೆ.

ಮೊದಲನೆಯದು, ವಿಬಿಎ ಎಡಿಟರ್‌ಗೆ ಕನ್ನಡ ಬರುವುದಿಲ್ಲ. ಕೋಡಿನ ಒಳಗೆ 'ಪಾಲು ಬಂಡವಾಳ' ಎಂದು ಅಂಟಿಸಿದರೆ ಪ್ರಶ್ನೆ ಚಿಹ್ನೆಗಳ ಸಾಲು ಬರುತ್ತದೆ. ಮೆಸೇಜ್ ಬಾಕ್ಸಿನಲ್ಲೂ ಅದೇ ಗತಿ. ಒಂದೊಂದು ಅಕ್ಷರಕ್ಕೂ ಯೂನಿಕೋಡ್ ಸಂಖ್ಯೆ ಹಾಕಿ ಪದ ಕಟ್ಟಬಹುದು, ಆದರೆ ಅಷ್ಟು ತಾಳ್ಮೆ ಯಾರಿಗುಂಟು? ಕನ್ನಡ ಪದ ಯಾವುದೇ ಇರಲಿ, ಅಳತೆ ಶೀಟಿನ ಸೆಲ್ಲಿನಲ್ಲಿ ಇಡಿ, ಮ್ಯಾಕ್ರೋ ಅಲ್ಲಿಂದ ಓದಲಿ. ಸೆಲ್ಲಿನಿಂದ ವರ್ಡ್‌ಗೆ ಹೋಗುವಾಗ ಕನ್ನಡಕ್ಕೆ ಏನೂ ಆಗುವುದಿಲ್ಲ. ತಪ್ಪಿನ ಸೂಚನೆಯನ್ನೂ ಮೆಸೇಜ್ ಬಾಕ್ಸ್ ಬಿಟ್ಟು ಒಂದು ಸೆಲ್ಲಿನಲ್ಲಿ ಬರೆಸಿ. ನಾನು ಅಳತೆ ಶೀಟಿನ ಕೊನೆಯ ಕಾಲಂ ಅದಕ್ಕೇ ಇಟ್ಟಿರುವುದು.

ಎರಡನೆಯದು, ಫಾಂಟು. ವರ್ಡ್ ಕನ್ನಡವನ್ನು 'ಕಾಂಪ್ಲೆಕ್ಸ್ ಸ್ಕ್ರಿಪ್ಟ್' ಎಂಬ ಬೇರೆ ಗುಂಪಿನಲ್ಲಿ ಇಟ್ಟಿದೆ. ಒಂದೇ ಪದಕ್ಕೆ ಎರಡು ಫಾಂಟ್, ಎರಡು ಗಾತ್ರ, ಎರಡು ಬೋಲ್ಡ್ ಇರುತ್ತವೆ, ಒಂದು ಇಂಗ್ಲಿಷಿಗೆ, ಇನ್ನೊಂದು ಈ ಗುಂಪಿಗೆ. ಮ್ಯಾಕ್ರೋದಲ್ಲಿ 'ಫಾಂಟ್ ಸೈಜ್' 11 ಎಂದು ಕೊಟ್ಟರೆ ಅಂಕಿಗಳು ದೊಡ್ಡದಾಗುತ್ತವೆ, ಕನ್ನಡ ಇದ್ದ ಹಾಗೇ ಇರುತ್ತದೆ. 'ಬೋಲ್ಡ್' ಅಂದರೆ ಮೊತ್ತದ ಸಂಖ್ಯೆ ದಪ್ಪ, 'ಒಟ್ಟು' ಎಂಬ ಪದ ತೆಳ್ಳಗೆ. ಸುಮ್ನೆ ನೋಡಿದರೆ ಫಾಂಟ್ ಹಾಳಾಗಿದೆ ಅನ್ನಿಸುತ್ತದೆ. ಹಾಗೇನಿಲ್ಲ. ಅದೇ ಗುಣಗಳ ಹೆಸರಿನ ಕೊನೆಗೆ 'ಬಿಐ' ಸೇರಿಸಿದ ಜೋಡಿ ಇದೆ: 'ನೇಮ್ ಬಿಐ', 'ಸೈಜ್ ಬಿಐ', 'ಬೋಲ್ಡ್ ಬಿಐ'. ಎರಡೂ ಸಾಲು ಬರೆಯಿರಿ. ತುಂಗಾ (Tunga) ಎಂಬ ಫಾಂಟಿನಲ್ಲಿ ಕನ್ನಡ ಅಕ್ಷರ ಕಣ್ಣಿಗೆ ಸಣ್ಣ ಕಾಣುತ್ತದೆ, ಹಾಗಾಗಿ ಕನ್ನಡಕ್ಕೆ ಒಂದು ಪಾಯಿಂಟ್ ಜಾಸ್ತಿ ಕೊಡಲು ಈ ಜೋಡಿ ಅನುಕೂಲವೇ ಆಯಿತು ಅನ್ನಿ.

ಮೂರನೆಯದು ಸಾಲಿನ ಎತ್ತರ. ಎಲ್ಲ ಸಾಲೂ ಒಂದೇ ಎತ್ತರ ಇದ್ದರೆ ಚೆಂದ ಎಂದು ಕೆಲವರು 'ಎಕ್ಸಾಕ್ಟ್ಲಿ' ಹಾಕುತ್ತಾರೆ. ಇಂಗ್ಲಿಷಿಗೆ ನಡೆಯುತ್ತದೆ. ಕನ್ನಡದಲ್ಲಿ ಅಕ್ಷರದ ಕೆಳಗೆ ಒತ್ತು ಉಂಟಲ್ಲ! ಎತ್ತರ ಸ್ವಲ್ಪ ಕಮ್ಮಿಯಾದರೂ 'ಲಕ್ಷ್ಮಿ'ಯ ಒತ್ತಿನ ಕೆಳಭಾಗ ಕತ್ತರಿಸಿ ಹೋಗುತ್ತದೆ, 'ರಾಷ್ಟ್ರೀಕೃತ'ದಲ್ಲಿ ಎರಡೂ ಒತ್ತು ಮಾಯ. ಪರದೆಯಲ್ಲಿ ಅಷ್ಟಾಗಿ ಗೊತ್ತಾಗದೆ ಪ್ರೆಸ್ಸಿನಿಂದ ಬಂದ ಮೇಲೆ ಕಾಣುವ ತಪ್ಪು ಇದು. 'ಅಟ್ ಲೀಸ್ಟ್' ಬಳಸಿ, ಅದರ ಸಂಖ್ಯೆ 1. ಕನಿಷ್ಠ 0.6 ಸೆಂಟಿಮೀಟರ್ ಎಂದು ಕೊಟ್ಟರೆ ಹೆಚ್ಚಿನ ಸಾಲುಗಳು ಒಂದೇ ಸಮ ಬರುತ್ತವೆ, ಒತ್ತು ಜಾಸ್ತಿ ಇರುವಲ್ಲಿ ತಾನಾಗಿ ಬೆಳೆಯುತ್ತದೆ. ಪ್ಯಾರಾಗ್ರಾಫಿನ ಲೈನ್ ಸ್ಪೇಸಿಂಗ್‌ನಲ್ಲೂ 'ಎಕ್ಸಾಕ್ಟ್ಲಿ' ಇಲ್ಲ ಎಂದು ನೋಡಿಕೊಳ್ಳಿ, ಅಲ್ಲಿದ್ದರೂ ಇದೇ ಕಥೆ. ಅಕ್ಷರವನ್ನು ಹಿಂಡಿ ಸೆಲ್ಲಿನಲ್ಲಿ ಕೂರಿಸುವ 'ಫಿಟ್ ಟೆಕ್ಸ್ಟ್' ಎಂಬುದೂ ಉಂಟು. ಕನ್ನಡಕ್ಕೆ ದಯವಿಟ್ಟು ಬೇಡ, ನೋಡಲಾಗುವುದಿಲ್ಲ.

ಕೊನೆಯದು ನುಡಿ, ಅಂದರೆ ಆ ಹೆಸರಿನ ಕನ್ನಡ ಟೈಪಿಂಗ್ ತಂತ್ರಾಂಶ. ಹಳೆಯ ಸದಸ್ಯರ ಪಟ್ಟಿಗಳು ಎಷ್ಟೋ ಕಡೆ ಇನ್ನೂ ನುಡಿಯ ಹಳೆಯ, ಯೂನಿಕೋಡ್ ಅಲ್ಲದ ಅಕ್ಷರದಲ್ಲೇ ಉಂಟು. ಅಲ್ಲಿ ಕಂಪ್ಯೂಟರಿನ ಲೆಕ್ಕಕ್ಕೆ ಒಳಗೆ ಇರುವುದು ಇಂಗ್ಲಿಷ್ ಲಿಪಿಯ ಚಿಹ್ನೆಗಳು, ಫಾಂಟ್ ಮಾತ್ರ ಕನ್ನಡ ತೋರಿಸುತ್ತಿರುತ್ತದೆ. ಮ್ಯಾಕ್ರೋ ವರ್ಡ್‌ನ ಶೈಲಿ ಹಾಕಿ ಫಾಂಟ್ ಬದಲಿಸಿದ ಕ್ಷಣ ಪಟ್ಟಿ ಪೂರ್ತಿ ಗೀಚು ಗೀಚು. ಮೇಲೆ ಹೇಳಿದ 'ಬಿಐ' ಗುಣಗಳೂ ಇದಕ್ಕೆ ತಾಗುವುದಿಲ್ಲ, ವರ್ಡ್ ಪ್ರಕಾರ ಇದು ಕನ್ನಡವೇ ಅಲ್ಲ. ಫಾಂಟ್ ಹಾಗೆಯೇ ಉಳಿಸಿ ಹೇಗೋ ಸಾಗಿಸಬಹುದು, ಆದರೆ ನನ್ನ ಸಲಹೆ ಬೇರೆ. ಒಂದು ವರ್ಷ ಕೂತು ಎಲ್ಲವನ್ನೂ ಯೂನಿಕೋಡಿಗೆ ಬದಲಿಸಿಬಿಡಿ. ಪರಿವರ್ತಕ ತಂತ್ರಾಂಶಗಳು ಸಿಗುತ್ತವೆ. ಬದಲಿಸಿದ ಮೇಲೆ ಅರ್ಕಾವತ್ತು ಮತ್ತು ಒತ್ತಕ್ಷರ ಇರುವ ಹೆಸರುಗಳನ್ನು ಒಮ್ಮೆ ಕಣ್ಣಾಡಿಸಿ. ಅಕಾರಾದಿಯಲ್ಲಿ ಜೋಡಿಸಲೂ ಆಗುತ್ತದೆ, ಅದೊಂದು ಲಾಭ.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಮ್ಯಾಕ್ರೋ ನಡುವೆ ನಿಂತರೆ ವರ್ಡ್ ಕಣ್ಣಿಗೆ ಕಾಣದೆ ಹಿಂದೆ ಓಡುತ್ತಲೇ ಇರುತ್ತದೆ, ಫೈಲ್ ತೆರೆದರೆ 'ಲಾಕ್ ಆಗಿದೆ' ಎನ್ನುತ್ತದೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಮುಗಿಸಿ. ಮುಂದೆ ಹಾಗಾಗದಂತೆ, ಎರರ್ ಬಂದಾಗಲೂ 'ಕ್ವಿಟ್' ಆಗುವ ಹಾಗೆ ಬರೆಯಿರಿ. ವಾಟ್ಸಾಪ್ ಅಥವಾ ಇಮೇಲಿನಲ್ಲಿ ಬಂದ ಮ್ಯಾಕ್ರೋ ಫೈಲನ್ನು ಮೈಕ್ರೋಸಾಫ್ಟ್ 2022ರಿಂದ ತಾನಾಗಿಯೇ ತಡೆಯುತ್ತದೆ. ಕಳಿಸಿದವರು ಯಾರೆಂದು ಖಚಿತ ಇದ್ದರೆ ಮಾತ್ರ ಫೈಲ್ ಪ್ರಾಪರ್ಟೀಸ್‌ಗೆ ಹೋಗಿ 'ಅನ್‌ಬ್ಲಾಕ್' ಟಿಕ್ ಹಾಕಿ. ಲಿಂಕ್ ಮಾಡಿ ಪೇಸ್ಟ್ ಮಾಡುವುದು ನನಗೆ ಇಷ್ಟ ಇಲ್ಲ. ಫೋಲ್ಡರಿನ ಪೂರ್ತಿ ದಾರಿ ಅದರಲ್ಲಿ ಕೂತಿರುತ್ತದೆ, ಪೆನ್‌ಡ್ರೈವಿನಲ್ಲಿ ಪ್ರೆಸ್ಸಿಗೆ ಕೊಟ್ಟಾಗ ಲಿಂಕ್ ಕಡಿಯುತ್ತದೆ. ಪ್ರೆಸ್ಸಿಗೆ ಪಿಡಿಎಫ್ ಕೊಡಿ, ಅದನ್ನೂ ಮ್ಯಾಕ್ರೋವೇ ಮಾಡಿಕೊಡುತ್ತದೆ.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ.

ಹಾಲಿನ ಸಂಘವೊಂದರ ಕಾರ್ಯದರ್ಶಿ ಕೇಳಿದರು: "ಸರ್, ಕೈಯಲ್ಲಿ ಬರೆಯುವಾಗ ಪ್ರತಿ ಪುಟದ ಕೆಳಗೆ ಮೊತ್ತ ಹಾಕಿ ಮುಂದಿನ ಪುಟಕ್ಕೆ ತರುತ್ತಿದ್ದೆವು. ಅದು ಆಗುತ್ತದಾ?" ಒಳ್ಳೆಯ ಪ್ರಶ್ನೆ. ವರ್ಡ್‌ನಲ್ಲಿ ಅದಕ್ಕೆ ಸಿದ್ಧ ವ್ಯವಸ್ಥೆ ಇಲ್ಲ. ಆದರೆ ಒಂದು ಸಾಲು ಯಾವ ಪುಟದಲ್ಲಿ ಉಂಟು ಎಂದು 'ಇನ್ಫರ್ಮೇಷನ್' ಎಂಬ ಗುಣವನ್ನು ಕೇಳಿದರೆ ಹೇಳುತ್ತದೆ. ಮೇಲಿನಿಂದ ಒಂದೊಂದೇ ಸಾಲು ನೋಡುತ್ತ ಬರಬೇಕು. ಪುಟ ಬದಲಾದಲ್ಲಿ ಹಿಂದಿನ ಪುಟದ ಕೊನೆಯ ಸಾಲಿನ ಮೇಲೆ 'ಮುಂದಿನ ಪುಟಕ್ಕೆ' ಎಂಬ ಸಾಲು ಸೇರಿಸಿ, ಅದರ ಕೆಳಗೆ 'ಹಿಂದಿನ ಪುಟದಿಂದ' ಎಂಬ ಸಾಲು ಹಾಕಬೇಕು. ಆ ಕೊನೆಯ ಸಾಲು ತಾನಾಗಿ ಮುಂದಿನ ಪುಟಕ್ಕೆ ಸರಿಯುತ್ತದೆ, ಅಲ್ಲಿಂದ ಮತ್ತೆ ಪುಟ ಲೆಕ್ಕ ಹಾಕಿಸಿ ಮುಂದುವರಿಯಬೇಕು. ಕೆಳಗಿನಿಂದ ಮೇಲಕ್ಕೆ ಹೋದರೆ ಲೆಕ್ಕ ತಪ್ಪುತ್ತದೆ. ಇದನ್ನು ಎಲ್ಲಕ್ಕಿಂತ ಕೊನೆಗೆ, ಫಾಂಟ್, ಅಗಲ ಎಲ್ಲ ಗಟ್ಟಿಯಾದ ಮೇಲೆ, ಪ್ರೆಸ್ಸಿಗೆ ಕೊಡುವ ಅದೇ ಕಂಪ್ಯೂಟರಿನಲ್ಲಿ ಮಾಡಿ. ಬೇರೆ ಪ್ರಿಂಟರ್, ಬೇರೆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ತೆರೆದರೆ ಪುಟ ಬೇರೆ ಕಡೆ ಮುರಿಯಬಹುದು.

ಇನ್ನೊಬ್ಬರು, ಡಿಟಿಪಿ ಮಾಡುವ ತಂಗಿ, ಕೇಳಿದ್ದು: "ನಮ್ಮಲ್ಲಿ ಲಿಬ್ರೆ ಆಫೀಸ್ ಮಾತ್ರ ಇರುವುದು, ಇದೆಲ್ಲ ನಡೆಯುತ್ತದಾ?" ವರ್ಡ್‌ಗೆಂದು ಬರೆದ ಮ್ಯಾಕ್ರೋ ಅಲ್ಲಿ ಹಾಗೆಯೇ ಓಡುವುದಿಲ್ಲಮ್ಮ, ಅಲ್ಲಿ ವರ್ಡ್‌ನ ಜಾಗದಲ್ಲಿರುವ ರೈಟರ್‌ನ ಆಜ್ಞೆಗಳು ಬೇರೆ. ಆದರೆ ಅಳತೆ ಶೀಟ್ ಅದೇ ಇಟ್ಟುಕೊಳ್ಳಬಹುದು. ರೈಟರ್ ಕಾಲಂ ಅಗಲ ಕೇಳುವುದಿಲ್ಲ, ಗೆರೆ ಎಲ್ಲೆಲ್ಲಿ ಬರಬೇಕು ಎಂದು ಕೇಳುತ್ತದೆ, ಅದೂ ಟೇಬಲಿನ ಅಗಲವನ್ನು ಸಾಮಾನ್ಯವಾಗಿ 10,000 ಪಾಲು ಮಾಡಿ. ನಮ್ಮ 11.8 ಸೆಂಟಿಮೀಟರಿನ ಟೇಬಲ್‌ಗೆ ನಾಲ್ಕು ಕಾಲಂ, ಅಂದರೆ ನಡುವೆ ಮೂರು ಗೆರೆ. ಮೊದಲ ಗೆರೆ 1.0ರಲ್ಲಿ, ಅದು 847. ಎರಡನೆಯದು 6.2ರಲ್ಲಿ, 5254. ಮೂರನೆಯದು 9.0ರಲ್ಲಿ, 7627. ಈ ಮೂರು ಸಂಖ್ಯೆಯನ್ನು 'ಟೇಬಲ್ ಕಾಲಂ ಸೆಪರೇಟರ್ಸ್' ಎಂಬ ಗುಣಕ್ಕೆ ಒಟ್ಟಿಗೇ ಕೊಡಬೇಕು. ಈ ಭಾಗಾಕಾರವನ್ನು ಅಳತೆ ಶೀಟಿನಲ್ಲೇ ಒಂದು ಫಾರ್ಮುಲಾ ಹಾಕಿ ಮಾಡಿಸಿದರೆ ಮ್ಯಾಕ್ರೋ ಓದಿ ಕೊಟ್ಟರೆ ಸಾಕು.